ಗಾಳಿಯ ಆರ್ದ್ರತೆಯನ್ನು ‘ತೇವಾಂಶ’ ಎನ್ನಬೇಕೇ?

ಮಾನ್ಯ ಸಂಪಾದಕರೇ,

ಗಾಳಿಯಲ್ಲಿ ಸೇರಿರುವ ನೀರಾವಿಯ ಅಳತೆಯನ್ನು ಹವಾಮಾನ ವರದಿಗಳಲ್ಲಿ ಒಮ್ಮೆ ‘ಆರ್ದ್ರತೆ’ ಎಂದೂ ಮತ್ತೊಮ್ಮೆ ‘ತೇವಾಂಶ’ ಎಂದೂ ಬರೆಯಲಾಗುತ್ತಿದೆ. ಆರ್ದ್ರತೆಯು ಜನರ ನಾಲಿಗೆಗೆ ಒಗ್ಗದ ಗ್ರಾಂಥಿಕ ಪದವೆಂಬ ಅಳುಕಿನಿಂದ ಅದನ್ನು ಬದಿಗಿಡುತ್ತಿದ್ದರೆ, ಆ ಅಳುಕಿಗೆ ಕಾರಣವಿಲ್ಲ.

ಸಂಸ್ಕೃತದ ‘ಆರ್ದ್ರ’ ಶಬ್ದಕ್ಕೆ ಒದ್ದೆಯಾದ, ಹಸಿಯಾದ ಎಂಬ ಅರ್ಥಗಳಿವೆ. ಹಸಿ ಶುಂಠಿಯು ಆ ಭಾಷೆಯಲ್ಲಿ ‘ಆರ್ದ್ರಕ’. ಹಿಂದಿಯ ‘ಅದ್ರಕ್’ ಹುಟ್ಟಿದ್ದು ಅದರಿಂದಲೇ. ಕನಿಕರದಿಂದ ಕರಗಿದ ಮನಸ್ಸನ್ನು ನಾವು ಇಂದಿಗೂ ‘ದಯಾರ್ದ್ರ’ ಎನ್ನುತ್ತೇವೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಜೂನ್ 22ರ ಆಸುಪಾಸಿನಲ್ಲಿ ಸೂರ್ಯನು ಆರ್ದ್ರಾ ನಕ್ಷತ್ರವನ್ನು ಪ್ರವೇಶಿಸಿದಾಗ ಸುರಿಯುವ ಮಳೆಗೆ ನಮ್ಮ ರೈತರು ‘ಆರಿದ್ರಾ ಮಳೆ’ ಎಂದು ಹೆಸರಿಟ್ಟು, ಒತ್ತಕ್ಷರದ ನಡುವೆ ಒಂದು ಸ್ವರವನ್ನು ಸೇರಿಸಿಕೊಂಡು, ಆ ಶಬ್ದವನ್ನು ತಲೆಮಾರುಗಳಿಂದ ತಮ್ಮದಾಗಿಸಿಕೊಂಡಿದ್ದಾರೆ. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆ ಗೊತ್ತಿರುವ ನಾಡಿನಲ್ಲಿ ಆರ್ದ್ರತೆ ಕಠಿಣ ಪದವಾಗುವುದು ಹೇಗೆ?

‘ತೇವಾಂಶ’ವೂ ಒಳ್ಳೆಯ ಪದವೇ, ಆದರೆ ಅದರ ಜಾಗ ಬೇರೆ. ಮಣ್ಣು, ಅಡಿಕೆ, ಕೊಬ್ಬರಿ, ಭತ್ತಗಳ ವಿಷಯದಲ್ಲಿ ಅದು ಸರಿಯಾಗಿ ಕೂರುತ್ತದೆ. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17ನ್ನು ಮೀರಬಾರದು ಎಂದಾಗ, ಕಾಳಿನ ತೂಕದಲ್ಲಿ ನೀರಿನ ಪಾಲು ಎಷ್ಟೆಂಬುದು ರೈತನಿಗೆ ಸ್ಪಷ್ಟವಾಗುತ್ತದೆ. ಹವಾಮಾನ ವರದಿಯ ಶೇಕಡಾವಾರು ಅಂಥ ಪಾಲಲ್ಲ. ಆ ಉಷ್ಣಾಂಶದಲ್ಲಿ ಗಾಳಿಯು ಹೆಚ್ಚೆಂದರೆ ಎಷ್ಟು ಆವಿಯನ್ನು ಹಿಡಿದಿಡಬಲ್ಲದೋ ಅದರಲ್ಲಿ ಎಷ್ಟು ತುಂಬಿದೆ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಪಠ್ಯಪುಸ್ತಕಗಳು ಅದನ್ನು ‘ಸಾಪೇಕ್ಷ ಆರ್ದ್ರತೆ’ ಎನ್ನುವುದು ಈ ಕಾರಣಕ್ಕೆ. ಒಂದು ಘನ ಮೀಟರ್ ಗಾಳಿಯು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 17 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಆವಿಯನ್ನು ಹಿಡಿದಿಡಬಲ್ಲದು. ಹೀಗಾಗಿ 20 ಡಿಗ್ರಿಯ ಬೆಳಿಗ್ಗೆ ಶೇ 85ರಷ್ಟಿದ್ದ ಆರ್ದ್ರತೆ 30 ಡಿಗ್ರಿಯ ಮಧ್ಯಾಹ್ನ ಶೇ 50ಕ್ಕೆ ಇಳಿದರೂ, ಗಾಳಿಯಲ್ಲಿರುವ ನೀರು ಹೆಚ್ಚುಕಡಿಮೆ ಅಷ್ಟೇ, ಸುಮಾರು 15 ಗ್ರಾಂ. ಇದನ್ನು ‘ತೇವಾಂಶ ಕುಸಿತ’ ಎಂದು ಬರೆದರೆ ಓದುಗರು ನೀರೇ ಕಡಿಮೆಯಾಯಿತೆಂದು ತಿಳಿಯುತ್ತಾರೆ.

ಇನ್ನು ಶೀರ್ಷಿಕೆಗೆ ಆಡುಮಾತೇ ಬೇಕೆಂದಾದರೆ ‘ಸೆಕೆ’ ಇದ್ದೇ ಇದೆ. ಕಲಬುರಗಿಯ ಒಣ ಬಿಸಿಲಿಗೂ ಮಂಗಳೂರಿನ ಬೇಸಿಗೆಗೂ ‘ಬಿಸಿಲಿನ ತಾಪ’ ಎಂಬ ಒಂದೇ ಮಾತನ್ನು ಬಳಸುವುದು ಸರಿಯೆನಿಸದು. ಗಾಳಿಯಲ್ಲಿ ಆವಿ ತುಂಬಿರುವುದರಿಂದ ಬೆವರು ಆರದೆ ಮೈ ಬೇಯುವ ಸ್ಥಿತಿಗೆ ಕರಾವಳಿಯ ಕನ್ನಡಿಗರೂ ತುಳುವರೂ ಸೆಕೆ ಎನ್ನುತ್ತಾರೆ. ಮೋಡ ಕವಿದ ದಿನವೂ ರಾತ್ರಿಯೂ ಅದು ಕಾಡುವುದುಂಟು. ತಮ್ಮ ಪತ್ರಿಕೆಯು ಅಂಕಿಯ ಪಕ್ಕದಲ್ಲಿ ಆರ್ದ್ರತೆಯನ್ನೂ ಸುದ್ದಿಯ ಭಾಷೆಯಲ್ಲಿ ಸೆಕೆಯನ್ನೂ ಬಳಸಿ, ತೇವಾಂಶವನ್ನು ಮಣ್ಣಿಗೂ ಧಾನ್ಯಕ್ಕೂ ಉಳಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಪುತ್ತೂರು