ಪಾಲಿಶ್ ಕೆಲಸ ಮೇ ತಿಂಗಳಿನಿಂದ ನವೆಂಬರಿಗೆ: ಕ್ಯಾರವಾನ್ ಮಾಲೀಕರಿಗೆ ಒಂದು ಪತ್ರ

ಉಡುಪಿ

ಮಾನ್ಯ ಗ್ರಾಹಕರೇ,

ಏಪ್ರಿಲ್ ನಡುವಿನಿಂದ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ತಮ್ಮ, ಒಳಗೇ ಮಲಗಿ ಉಳಿಯಬಹುದಾದ ಪ್ರವಾಸಿ ವಾಹನಗಳಾದ ಕ್ಯಾರವಾನ್ ಮತ್ತು ಕ್ಯಾಂಪರ್ ವ್ಯಾನ್‌ಗಳ ಹೊರಮೈಯನ್ನು ಯಂತ್ರದಿಂದ ಉಜ್ಜಿ, ಪಾಲಿಶ್ ಮಾಡಿ, ಮಳೆಗಾಲಕ್ಕೆ ಸಿದ್ಧವಾಗುವಂತೆ ವ್ಯಾಕ್ಸ್ ಹಚ್ಚಿಕೊಡುವ ಕೆಲಸವನ್ನು ನಮ್ಮ ಸಹಕಾರಿ ಕಾರ್ಯಾಗಾರ ಪ್ರತಿವರ್ಷ ಮಾಡುತ್ತ ಬಂದಿದೆ. ಇನ್ನು ಮುಂದೆ ಆ ಕೆಲಸ ಮೇ ತಿಂಗಳಲ್ಲಿ ನಡೆಯುವುದಿಲ್ಲ. ದೀಪಾವಳಿ ಕಳೆದ ಮೇಲೆ, ನವೆಂಬರಿನಿಂದ ಡಿಸೆಂಬರ್ ನಡುವಿನವರೆಗೆ ನಡೆಯುತ್ತದೆ. ವರ್ಷಕ್ಕೊಮ್ಮೆ ಕಡ್ಡಾಯವೆಂಬಂತೆ ಮಾಡುತ್ತಿದ್ದ ಯಂತ್ರದ ಉಜ್ಜುವಿಕೆಯನ್ನೂ ನಿಲ್ಲಿಸಿದ್ದೇವೆ. ಮಳೆಗೆ ಮುಂಚೆ ಉಳಿಯುವುದು ಮಾಡಿನ (ಛಾವಣಿಯ) ಸಂದುಗಳ ಪರೀಕ್ಷೆ ಮತ್ತು ಅವನ್ನು ಮುಚ್ಚುವ ಸೀಲೆಂಟ್ ಕೆಲಸ ಮಾತ್ರ. ವಾರ್ಷಿಕ ದರದಲ್ಲಿ ವ್ಯತ್ಯಾಸವಿಲ್ಲ. ಹಲವು ವರ್ಷಗಳಿಂದ ನಾವೇ ಹೇಳಿಕೊಂಡು ಬಂದದ್ದಕ್ಕೆ ಇದು ತೀರ ವಿರುದ್ಧವಾಗಿರುವುದರಿಂದ, ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇವೆ.

ತಪ್ಪು ಎಲ್ಲಿಂದ ಬಂತೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಮಲ್ಪೆಯಲ್ಲಿ ಫೈಬರ್ ದೋಣಿಗಳ ದುರಸ್ತಿ ಕಲಿತು ಬಂದವರು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಯಾಂತ್ರಿಕ ದೋಣಿಗಳು ನೀರು ಬಿಟ್ಟು ನಿಲ್ಲುತ್ತವೆ. ಅವುಗಳ ಮೈಕೆಲಸವೆಲ್ಲ ಆ ದಿನಗಳ ಹಿಂದುಮುಂದು ಮುಗಿಯಬೇಕು. ಆ ಲೆಕ್ಕ ನಮ್ಮ ಕೈಗೆ ಅಂಟಿಕೊಂಡಿತ್ತು. ಕ್ಯಾರವಾನ್‌ಗಳು ನಮ್ಮಲ್ಲಿಗೆ ಬರತೊಡಗಿದಾಗ, ಇದೂ ಫೈಬರ್, ಅದೂ ಫೈಬರ್ ಎಂದುಕೊಂಡು, ದೋಣಿಯ ಪಂಚಾಂಗವನ್ನೇ ಅವಕ್ಕೂ ಹಚ್ಚಿದೆವು. ದೋಣಿಯ ಶತ್ರು ನೀರು. ಅಂಗಳದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕ್ಯಾರವಾನಿನ ಹೊರಮೈಗೆ ಮೊದಲ ಶತ್ರು ಬಿಸಿಲು ಎಂಬುದು ನಮಗೆ ಹೊಳೆಯಲು ತಡವಾಯಿತು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವಾಗ ಎಲ್ಲ ಹಾನಿಯನ್ನೂ ಮಳೆಯ ತಲೆಗೆ ಕಟ್ಟುವುದು ಸಹಜ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡ ಕವಿದಿರುತ್ತದೆ, ಮೈ ತಂಪಾಗಿರುತ್ತದೆ, ಧೂಳು ತಾನಾಗಿ ತೊಳೆದುಹೋಗುತ್ತದೆ. ಉಡುಪಿಯಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ನೇರಕ್ಕೆ ಬರುತ್ತಾನೆ, ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ. ಎರಡನೆಯದು ತುಳುವಿನ ಆಟಿ ತಿಂಗಳು ಮುಗಿದು ಸೋಣ ತಿಂಗಳು ಹಿಡಿಯುವ ಹೊತ್ತು. ಬಹುಪಾಲು ಮೋಡದ ಹಿಂದೆ ಕಳೆದುಹೋಗುತ್ತದೆ. ಮೊದಲನೆಯದು ಮಾತ್ರ ಯಾವ ಮರೆಯೂ ಇಲ್ಲದೆ ವಾಹನದ ಮಾಡಿನ ಮೇಲೆ ಬೀಳುತ್ತದೆ, ಅದೂ ನವೆಂಬರಿನಿಂದ ಐದಾರು ತಿಂಗಳು ಸತತವಾಗಿ ಬಿಸಿಲುಂಡ ಮೇಲೆ. ಹಾಗಿರುವಾಗ ಮೇ ತಿಂಗಳಲ್ಲಿ ನಾವು ಹಚ್ಚಿದ ವ್ಯಾಕ್ಸ್ ಏನಾಗುತ್ತಿತ್ತು? ನಾಲ್ಕು ತಿಂಗಳ ಜಡಿಮಳೆಗೆ ತೊಳೆದು ತೆಳುವಾಗಿ, ಬಿಸಿಲು ಶುರುವಾಗುವ ಅಕ್ಟೋಬರಿನ ಹೊತ್ತಿಗೆ ಹೆಸರಿಗಷ್ಟೇ ಉಳಿಯುತ್ತಿತ್ತು. ಕೊಡೆಯನ್ನು ಮಳೆ ಬಿಟ್ಟ ಮೇಲೆ ಬಿಡಿಸಿದ ಹಾಗೆ ಎನ್ನುತ್ತಾರೆ. ನಮ್ಮದು ಅದಕ್ಕೂ ಒಂದು ಕೈ ಮೇಲು, ಬಿಸಿಲಿನ ಕೊಡೆಯನ್ನು ಮಳೆಯಲ್ಲಿ ಹಿಡಿದು ಹರಿದುಹಾಕುತ್ತಿದ್ದೆವು.

ಬಿಸಿಲು ಮಾಡುವ ಕೆಲಸ ಹೀಗಿದೆ. ಫೈಬರ್ ಮಾಡು ಮತ್ತು ಮುಂಭಾಗದ ಕವಚದ ಮೇಲೆ ಇರುವುದು ಜೆಲ್‌ಕೋಟ್, ಅಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳದ ಪದರ; ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಬಿಸಿಲಿನ ನೇರಳಾತೀತ ಕಿರಣಗಳು ಈ ರಾಳದ ಕೊಂಡಿಗಳನ್ನು ಕತ್ತರಿಸುತ್ತ ಹೋಗುತ್ತವೆ. ಹಿಡಿದುಕೊಳ್ಳಲು ರಾಳವಿಲ್ಲದ ಬಣ್ಣದ ಕಣಗಳು ಪುಡಿಯಾಗಿ ಮೇಲೆ ನಿಲ್ಲುತ್ತವೆ. ಕಪ್ಪು ಬಟ್ಟೆಯಿಂದ ಒರೆಸಿದಾಗ ಸೀಮೆಸುಣ್ಣದಂಥ ಬಿಳಿ ಹುಡಿ ಅಂಟುವುದು ಅದೇ. ಉಕ್ಕಿನ ಮೈಯುಳ್ಳ ವ್ಯಾನುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 60 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಿಸಿಲನ್ನು ತಡೆಯುವ ದ್ರವ್ಯ ಇರುವುದು ಆ ತೆಳು ಪದರದಲ್ಲೇ.

ಈಗ ನಮ್ಮ ಬಫಿಂಗ್ ಯಂತ್ರದ ಮಾತು. ಆ ಯಂತ್ರದಿಂದ ಉಜ್ಜುವಾಗ ಬಳಸುವ ರಬ್ಬಿಂಗ್ ಕಾಂಪೌಂಡ್ ಎಂಬುದು ನಯವಾದ ಮರಳಿನಂಥದ್ದು. ಹೊಳಪು ಬರುವುದು ಮೇಲಿನ ಸತ್ತ ಪದರವನ್ನು ಅದು ಕೆರೆದು ತೆಗೆಯುವುದರಿಂದ. ಒಮ್ಮೆ ಕೆರೆದರೆ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ಮತ್ತೆ ಬೆಳೆಯುವುದಿಲ್ಲ. ವರ್ಷವೂ ಕೆರೆಯುತ್ತ ಹೋದರೆ, ಬಿಸಿಲು ಹತ್ತು ವರ್ಷಗಳಲ್ಲಿ ಮಾಡುವ ಕೆಲಸವನ್ನು ನಾವೇ ದುಡ್ಡು ತೆಗೆದುಕೊಂಡು ಬೇಗ ಮುಗಿಸಿಕೊಟ್ಟಂತೆ. ಆದ್ದರಿಂದ ಇನ್ನು ಮುಂದೆ ಉಕ್ಕಿನ ಮೈಯನ್ನು ಮೊದಲು ಮಾಪಕದಿಂದ ಅಳೆದು, ಪದರ ಸಾಕಷ್ಟಿದ್ದು, ಉಜ್ಜುವ ಅಗತ್ಯವೂ ಇದ್ದರೆ ಮಾತ್ರ ಉಜ್ಜುತ್ತೇವೆ. ಫೈಬರ್ ಭಾಗಕ್ಕೆ ನಮ್ಮ ಅಯಸ್ಕಾಂತದ ಮಾಪಕ ನಡೆಯುವುದಿಲ್ಲ. ಅಲ್ಲಿ ಹಳೆಯ ಉಪಾಯವೇ ಗತಿ: ಮಂಕಾದ ಜಾಗವನ್ನು ಒದ್ದೆ ಮಾಡಿ ನೋಡುವುದು. ಒದ್ದೆಯಾದಾಗ ಬಣ್ಣ ಮರಳಿ ಬಂದಂತೆ ಕಂಡರೆ ಹಾನಿ ಮೇಲ್ಮೈಯಲ್ಲಿದೆ, ಹದವಾಗಿ ಉಜ್ಜಿ ಮುಚ್ಚಬಹುದು. ಒದ್ದೆಯಾದರೂ ಮಂಕಾಗಿಯೇ ಉಳಿದರೆ, ಅಥವಾ ಜೇಡರ ಬಲೆಯಂಥ ಬಿರುಕುಗಳು ಕಂಡರೆ, ಪಾಲಿಶ್‌ನಿಂದ ಪ್ರಯೋಜನವಿಲ್ಲ. ಮತ್ತೆ ಬಣ್ಣ ಹೊಡೆಯಬೇಕಾಗುತ್ತದೆ. ಅದನ್ನು ಮುಚ್ಚಿಡದೆ ನೇರವಾಗಿ ಹೇಳುತ್ತೇವೆ.

ಈ ನಿರ್ಧಾರಕ್ಕೆ ನಮ್ಮನ್ನು ದೂಡಿದ್ದು ಎರಡು ವಾಹನಗಳು. ಒಂದೇ ವರ್ಷದಲ್ಲಿ ತಯಾರಾದ, ಒಂದೇ ಬಿಳಿ ಬಣ್ಣದ ಎರಡು ವ್ಯಾನುಗಳಲ್ಲಿ ಒಂದಕ್ಕೆ ಎಂದಿನಂತೆ ಮೇ ತಿಂಗಳಲ್ಲಿ ಕೆಲಸ ಮಾಡಿಕೊಟ್ಟೆವು. ಇನ್ನೊಂದರ ಮಾಲೀಕರಿಗೆ ಸರದಿ ಸಿಗದೆ, ಬಹಳ ಬೇಸರದಿಂದಲೇ, ದೀಪಾವಳಿ ಕಳೆದು ತಂದರು. ಮುಂದಿನ ಏಪ್ರಿಲಿನಲ್ಲಿ ಎರಡೂ ಅಂಗಳಕ್ಕೆ ಬಂದಾಗ ಮೊದಲನೆಯದರ ಮಾಡಿನ ಮೇಲೆ ಕೈಯಾಡಿಸಿದರೆ ಅಂಗೈ ಬೆಳ್ಳಗಾಗುತ್ತಿತ್ತು; ಎರಡನೆಯದರ ಮೇಲೆ ಸುರಿದ ನೀರು ಕೆಸುವಿನೆಲೆಯ ಮೇಲಿನಂತೆ ಇನ್ನೂ ಮಣಿಮಣಿಯಾಗಿ ಉರುಳುತ್ತಿತ್ತು. ಎರಡು ವಾಹನಗಳಿಂದ ಸಿದ್ಧಾಂತ ಮಾಡಬಾರದು ಎಂದು ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಆಕ್ಷೇಪಿಸಿದ್ದು ಸರಿಯೇ. ಆದರೆ ಕಾರಣ ಕಣ್ಣೆದುರಿಗಿದ್ದಾಗ ಮೂರನೆಯದಕ್ಕಾಗಿ ಕಾಯುವ ಅಗತ್ಯ ಉಳಿದವರಿಗೆ ಕಾಣಲಿಲ್ಲ.

ಹಚ್ಚುವ ವಸ್ತುವಿನಲ್ಲಿಯೂ ಬದಲಾವಣೆಯಿದೆ. ಇದುವರೆಗೆ ಬಳಸುತ್ತಿದ್ದ ಕಾರ್ನೌಬಾ ಬ್ರೆಜಿಲಿನ ಒಂದು ಬಗೆಯ ತಾಳೆಯ ಎಲೆಯಿಂದ ತೆಗೆಯುವ ಮೇಣ. ಹೊಳಪು ಚೆಂದ, ಬಾಳಿಕೆ ಕೆಲವೇ ತಿಂಗಳು. ಅದರ ಬದಲು ಹೆಚ್ಚು ಕಾಲ ಬಾಳುವ ಪಾಲಿಮರ್ ಸೀಲೆಂಟನ್ನು (ಇದು ಸಂದಿಗೆ ತುಂಬುವುದಲ್ಲ, ಮೈಗೆ ಬಳಿಯುವ ಲೇಪ) ಎರಡು ಸಲ, ನಡುವೆ ಒಂದು ದಿನ ಬಿಟ್ಟು ಹಚ್ಚುತ್ತೇವೆ. ಮಾಡಿಗೆ ಮೂರನೆಯ ಸಲವೂ. ಬಿಸಿಯಾದ ತಗಡಿನ ಮೇಲೆ ಇದನ್ನು ಹಚ್ಚಿದರೆ ಹರಡುವ ಮೊದಲೇ ಒಣಗಿ ಪಟ್ಟೆಪಟ್ಟೆಯಾಗುವುದರಿಂದ, ಮೇ ತಿಂಗಳ ಸೆಕೆಗಿಂತ ನವೆಂಬರಿನ ಬೆಳಗು ಕೆಲಸಗಾರರಿಗೂ ಹದವಾದದ್ದು. ಗಾಜಿನಂತೆ ಗಟ್ಟಿಯಾಗಿ ಕೂರುವ ಸೆರಾಮಿಕ್ ಕೋಟಿಂಗ್ ಬೇಕೆಂದು ಕೇಳುವವರಿಗೆ, ಗಟ್ಟಿಯಾದ ಕ್ಲಿಯರ್ ಕೋಟ್ ಇರುವ ಉಕ್ಕಿನ ಮೈಗೆ ಮಾತ್ರ ಅದನ್ನು ಮಾಡುತ್ತೇವೆ. ಪುಡಿ ಬಿಡುತ್ತಿರುವ ಹಳೆಯ ಫೈಬರಿನ ಮೇಲೆ ಅದನ್ನು ಹಚ್ಚುವುದು ಮಣ್ಣುನೆಲಕ್ಕೆ ಗಾಜು ಹಾಸಿದಂತಾಗುತ್ತದೆ.

ಮಳೆಗೆ ಮುಂಚಿನ ಕೆಲಸ ಸಣ್ಣದಾಯಿತೆಂದು ದಯವಿಟ್ಟು ಅದನ್ನು ತಪ್ಪಿಸಬೇಡಿ. ಗಾಳಿಕಿಂಡಿ, ಸೋಲಾರ್ ಫಲಕದ ಕಾಲು, ಎ.ಸಿ. ಕೂರಿಸಿದ ಚೌಕಟ್ಟು, ಕಿಟಕಿಯ ಅಂಚು ಇವೆಲ್ಲದರ ಸಂದುಗಳಲ್ಲಿರುವ ಸೀಲೆಂಟ್ ಬೇಸಗೆಯ ಬಿಸಿಲಿಗೆ ಕುಗ್ಗಿ ಸೀಳಿರುತ್ತದೆ. ಅಲ್ಲಿ ಇಳಿದ ನೀರು ಒಳಗಿನ ಪ್ಲೈವುಡ್ಡನ್ನು ಕೊಳೆಸಿ, ಉಕ್ಕನ್ನು ಒಳಗಿನಿಂದ ತಿಂದು, ಹೊರಗೆ ಪೇಂಟಿನಡಿಯಲ್ಲಿ ಗುಳ್ಳೆಯಾಗಿ ಕಾಣಿಸಿಕೊಳ್ಳುವ ಹೊತ್ತಿಗೆ ಕಾಲ ಮೀರಿರುತ್ತದೆ. ಒಂದು ವಿನಂತಿ: ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸಿಲಿಕೋನನ್ನು ಮನೆಯಲ್ಲಿ ತಾವೇ ಹಚ್ಚಬೇಡಿ. ಒಮ್ಮೆ ಅದು ಕೂತ ಜಾಗದಲ್ಲಿ ಬೇರೆ ಸೀಲೆಂಟ್ ಹಿಡಿಯುವುದಿಲ್ಲ, ಪೇಂಟೂ ಹಿಡಿಯುವುದಿಲ್ಲ. ಅದರ ಜಿಡ್ಡನ್ನು ಕೆರೆದು ತೆಗೆಯುವುದಕ್ಕೇ ನಮಗೆ ಅರ್ಧ ದಿನ ಬೇಕಾಗುತ್ತದೆ.

ನೀಲಿ ಟಾರ್ಪಾಲಿನ್ ಹೊದಿಕೆಗಳ ಮಾರಾಟವನ್ನೂ ನಿಲ್ಲಿಸಿದ್ದೇವೆ. ಹಲವರಿಗೆ ಇದು ಇಷ್ಟವಾಗಲಿಲ್ಲ. ಆದರೆ ಕೆಂಪುಮಣ್ಣಿನ ಧೂಳು ಕೂತ ಮೈಯ ಮೇಲೆ ಕಟ್ಟಿದ ಟಾರ್ಪಾಲು ಗಾಳಿಗೆ ಬಡಿಯುತ್ತಿದ್ದರೆ ಉಪ್ಪುಕಾಗದದಿಂದ ತಿಕ್ಕಿದ ಹಾಗೆಯೇ. ಅಡಿಯಲ್ಲಿ ಆವಿ ನಿಂತು ಬೂಷ್ಟು ಹಿಡಿಯುವುದು ಬೇರೆ. ವಾಹನಕ್ಕೆ ತಗಲದಂತೆ ಎತ್ತರಕ್ಕೆ ಒಂದು ತಗಡಿನ ಮಾಡು ಹಾಕಿಸುವುದು ನಮ್ಮ ಯಾವ ಲೇಪಕ್ಕಿಂತಲೂ ಮೇಲು, ಇದನ್ನು ವ್ಯಾಪಾರದ ನಷ್ಟ ಗೊತ್ತಿದ್ದೇ ಹೇಳುತ್ತಿದ್ದೇವೆ. ಅದಾಗದಿದ್ದರೆ ಹಿರಿಯರು ಅಂಗಳಕ್ಕೆ ಹಾಕುತ್ತಿದ್ದ ತೆಂಗಿನ ಮಡಲಿನ ಚಪ್ಪರವೂ ಸಾಕು. ಆದರೆ ಪತ್ತನಾಜೆಗೆ ಅದನ್ನು ಬಿಚ್ಚಬೇಕು. ಮಳೆಗೆ ನೆನೆದ ಮಡಲಿನಿಂದ ತೊಟ್ಟಿಕ್ಕುವ ಕಂದು ನೀರಿನ ಕಲೆ ಬಿಳಿ ಮೈಯಿಂದ ಸುಲಭವಾಗಿ ಹೋಗುವುದಿಲ್ಲ. ತೆಂಗಿನ ಮರದಡಿ ನಿಲ್ಲಿಸಬಾರದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹಲಸು, ಮಾವು, ಗೇರುಮರಗಳ ಅಡಿಯೂ ಸೊನೆ ಮತ್ತು ಬಾವಲಿಗಳ ದೆಸೆಯಿಂದ ಒಳ್ಳೆಯ ಜಾಗವಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಒಂದೇ ಮಗ್ಗುಲು ದಿನವಿಡೀ ಬೇಯುತ್ತದೆ. ತಿಂಗಳಿಗೊಮ್ಮೆ ವಾಹನವನ್ನು ತಿರುಗಿಸಿ ನಿಲ್ಲಿಸಿದರೆ ಎರಡೂ ಮಗ್ಗುಲುಗಳ ಬಣ್ಣ ಒಂದೇ ತೆರನಾಗಿ ಉಳಿಯುತ್ತದೆ, ಟಯರುಗಳಿಗೂ ಒಳ್ಳೆಯದು.

ಮರವಂತೆ, ತ್ರಾಸಿ, ಕಾಪು ಮುಂತಾದ ಕಡಲ ಬದಿಯಲ್ಲಿ ರಾತ್ರಿ ಕಳೆದು ಬರುವವರಿಗೆ ಉಪ್ಪಿನ ವಿಷಯದಲ್ಲಿ ಒಂದು ಮಾತು ಹೇಳಬೇಕು. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರನ್ನು ಎಳೆದುಕೊಂಡು ಕರಗುತ್ತದೆ. ಅಡುಗೆಮನೆಯ ಉಪ್ಪಿನ ಮರಿಗೆ ಸದಾ ಒದ್ದೆಯಾಗಿರುವುದನ್ನು ಕಂಡವರಿಗೆ ಇದು ಹೊಸತಲ್ಲ. ವಾಹನದ ಮೈಮೇಲೆ ಕೂತ ಕಡಲುಪ್ಪು ಹಗಲು ಒಣಗಿ, ರಾತ್ರಿ ಮತ್ತೆ ಒದ್ದೆಯಾಗಿ, ಕಲ್ಲು ಸಿಡಿದು ಪೇಂಟ್ ಕಿತ್ತುಹೋದ ಸಣ್ಣ ಗಾಯಗಳಲ್ಲಿ ತುಕ್ಕನ್ನು ಸಾಕುತ್ತದೆ. ಮನೆಗೆ ಬಂದ ಮರುದಿನವೇ, ನೆರಳಿನಲ್ಲಿ, ಮೊದಲು ಬರಿ ನೀರು ಹಾಯಿಸಿ, ಆಮೇಲೆ ಕಾರ್ ಶಾಂಪೂವಿನಿಂದ ಮಾಡಿನಿಂದ ಕೆಳಕ್ಕೆ ತೊಳೆಯಿರಿ. ಚಕ್ರಗಳ ಒಳಬದಿಯನ್ನು ಬಿಡಬೇಡಿ. ಪಾತ್ರೆ ತೊಳೆಯುವ ಸೋಪು ಜಿಡ್ಡಿನ ಜೊತೆಗೆ ನಾವು ಹಚ್ಚಿದ ಲೇಪವನ್ನೂ ತೆಗೆಯುತ್ತದೆ. ಪ್ರೆಷರ್ ಪಂಪಿನ ಧಾರೆಯನ್ನು ಸಂದುಗಳಿಗೂ ಸ್ಟಿಕ್ಕರ್ ಅಂಚುಗಳಿಗೂ ನೇರವಾಗಿ ಹಿಡಿಯಬಾರದು. ಅಕ್ರಿಲಿಕ್ ಕಿಟಕಿಗಳಿಗೆ ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ತಾಗಿದರೆ ಒಳಗೇ ಸೂಕ್ಷ್ಮ ಬಿರುಕುಗಳು ಏಳುತ್ತವೆ, ಅದಕ್ಕೆ ನಮ್ಮಲ್ಲಿ ಔಷಧಿಯಿಲ್ಲ. ಮಳೆಗಾಲದಲ್ಲಿ ಮಾಡಿನ ಮೇಲೆ, ಹಂಚಿನ ಮೇಲೆ ಕಟ್ಟುವಂತೆಯೇ, ಪಾಚಿ ಕಟ್ಟಿದರೆ ಗಾಬರಿ ಬೇಡ; ಮೃದುವಾದ ಬ್ರಷ್ಷಿನಿಂದ ಹೋಗುತ್ತದೆ. ಬ್ಲೀಚಿಂಗ್ ಪುಡಿ ಹಾಕಬೇಡಿ.

ಬರುವ ಮೇ ತಿಂಗಳ ಪಾಲಿಶ್‌ಗೆ ಈಗಾಗಲೇ ಹಣ ಕಟ್ಟಿದವರ ಸರದಿಯನ್ನು ಅದೇ ಕ್ರಮದಲ್ಲಿ ಈ ನವೆಂಬರಿಗೆ ಹಿಂದಕ್ಕೆ ತಂದಿದ್ದೇವೆ. ಹೆಚ್ಚುವರಿ ಹಣ ಕೊಡಬೇಕಾಗಿಲ್ಲ. ಅದು ಒಪ್ಪಿಗೆಯಾಗದವರು ರಶೀದಿಯೊಂದಿಗೆ ಕಚೇರಿಗೆ ಬಂದರೆ ಪೂರ್ಣ ಮೊತ್ತ ಹಿಂದಿರುಗಿಸುತ್ತೇವೆ, ಕಾರಣ ಕೇಳುವುದಿಲ್ಲ. ಕಳೆದ ಮೇ ತಿಂಗಳಲ್ಲಿ ಕೆಲಸ ಮಾಡಿಸಿಕೊಂಡವರಿಗೆ ಈ ನವೆಂಬರಿನಲ್ಲಿ ಒಂದು ಸಲದ ಸೀಲೆಂಟ್ ಲೇಪವನ್ನು ಉಚಿತವಾಗಿ ಮಾಡಿಕೊಡಲು ಸದಸ್ಯರ ಸಭೆ ತೀರ್ಮಾನಿಸಿದೆ. ತಪ್ಪಾದ ಕಾಲದಲ್ಲಿ ಕೆಲಸ ಮಾಡಿದ್ದು ನಾವಾದ್ದರಿಂದ ಇದನ್ನು ಉಪಕಾರವೆಂದು ಎಣಿಸಬೇಡಿ. ಅಂಗಳದಲ್ಲಿ ಒಂದು ಸಲಕ್ಕೆ ಎರಡು ವಾಹನಗಳಿಗಷ್ಟೇ ಜಾಗವಿರುವುದರಿಂದ ಮತ್ತು ಪ್ರತಿ ವಾಹನಕ್ಕೂ ನಾಲ್ಕು ದಿನ ಹಿಡಿಯುವುದರಿಂದ, ತಮ್ಮ ದಿನವನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ವಾಹನ ತರುವ ಮೊದಲಿನ ಎರಡು ವಾರ ಹೊರಮೈಗೆ ಹೊಳಪಿನ ದ್ರಾವಣ ಯಾವುದನ್ನೂ ಹಚ್ಚಬೇಡಿ. ಹಚ್ಚಿಯೇ ಬಿಟ್ಟಿದ್ದರೆ ಅದರ ಡಬ್ಬಿಯನ್ನು ಜೊತೆಗೆ ತನ್ನಿ; ಏನನ್ನು ತೆಗೆಯಬೇಕೆಂದು ತಿಳಿದರೆ ಮೊದಲ ದಿನದ ಕೆಲಸ ಅರ್ಧ ಹಗುರವಾಗುತ್ತದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸದಸ್ಯರೆಲ್ಲರ ಪರವಾಗಿ)