ಡಬ್ಬದಲ್ಲಿ ಉಳಿದೀತೆಂಬ ಭಯ: ಮಾನಸಳಿಗೊಂದು ಪತ್ರ

ಚಿ. ಮಾನಸಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿ, ಹೇಳಲೋ ಬೇಡವೋ ಎನ್ನುವಂತೆ ಸೇರಿಸಿದ ಒಂದು ಮಾತು ಮಾತ್ರ ನನ್ನ ನಿದ್ದೆ ಕೆಡಿಸಿದೆ. ಇರಾನಿನ ‘ಬಾಶು’ವಿನಂಥ ಚಿತ್ರವೇ ವರ್ಷಗಟ್ಟಲೆ ಡಬ್ಬದಲ್ಲಿ ಕೊಳೆಯಿತೆಂದ ಮೇಲೆ ನನ್ನ ಸಾಕ್ಷ್ಯಚಿತ್ರವನ್ನು ಯಾರು ನೋಡುತ್ತಾರೆ, ಸೈನಿಕರ ಮನೆಯ ಹೆಂಗಸರು ಸಿಟ್ಟಿನಿಂದ ಮಾತನಾಡುವ ಭಾಗವನ್ನು ಈಗಲೇ ತೆಗೆದುಬಿಡಲೇ ಎಂದು ಕೇಳಿದ್ದೀಯೆ.

ಆ ಚಿತ್ರವನ್ನು ನಿನಗೆ ತೋರಿಸಿದವನೇ ನಾನು, ಆದ್ದರಿಂದ ಉತ್ತರಿಸುವ ಹೊಣೆಯೂ ನನ್ನದೇ. ಇರಾನ್ ಮತ್ತು ಇರಾಕ್ ನಡುವಿನ ಯುದ್ಧ 1980ರಿಂದ 1988ರವರೆಗೆ ನಡೆಯಿತು. ಇರಾನಿನ ನಿರ್ದೇಶಕ ಬಹ್ರಾಮ್ ಬೇಝಾಯಿ ‘ಬಾಶು’ವನ್ನು ತೆಗೆದದ್ದು ಅದರ ನಟ್ಟನಡುವೆ. ಇರಾನ್ ಸರ್ಕಾರ ಆ ಯುದ್ಧವನ್ನು ‘ಪವಿತ್ರ ರಕ್ಷಣೆ’ ಎಂದು ಕರೆಯುತ್ತಿದ್ದ, ರಣರಂಗದ ಬಲಿದಾನವನ್ನು ಕೊಂಡಾಡುವ ಚಿತ್ರಗಳಿಗೆ ಬೆಂಬಲವಿದ್ದ ಕಾಲವದು. ಈತನಾದರೋ ರಣರಂಗವನ್ನು ಬಿಟ್ಟು, ದಕ್ಷಿಣದ ಖುಝೆಸ್ತಾನದಲ್ಲಿ ಬಾಂಬಿಗೆ ಮನೆಮಂದಿಯನ್ನು ಕಳೆದುಕೊಂಡು ಲಾರಿಯಲ್ಲಿ ಅಡಗಿ ಉತ್ತರದ ಗೀಲಾನ್ ಪ್ರಾಂತ ಸೇರುವ ಅರಬ್ ಹುಡುಗನ ಕಥೆ ಹೇಳಿದ. ಅಲ್ಲಿ ರಸ್ತೆ ಕೆಲಸಕ್ಕೆ ಬಂಡೆ ಸಿಡಿಸುವ ಸದ್ದು ಕೇಳಿದರೂ ಹುಡುಗ ಬಾಂಬೆಂದು ಬೆದರಿ ಹೊಲಗಳತ್ತ ಓಡುತ್ತಾನೆ. ಅವನಿಗೆ ಆಸರೆ ಕೊಡುವ ರೈತ ಹೆಂಗಸು ಅವನ ಕಪ್ಪು ಬಣ್ಣ ಹೋದೀತೆಂದು ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆಯುತ್ತಾಳೆ. ಬಣ್ಣ ಹೋಗುವುದಿಲ್ಲ, ಅವಳೂ ಅವನನ್ನು ಬಿಟ್ಟುಕೊಡುವುದಿಲ್ಲ. ಆ ಪಾತ್ರದ ಸೂಸನ್ ತಸ್ಲೀಮಿ ಬಿಳಿ ವಸ್ತ್ರದಲ್ಲಿ ಮುಖ ಮರೆಸಿ, ಬರೀ ಕಣ್ಣು ಕಾಣುವಂತೆ ಪರದೆಯ ತುಂಬ ಎದ್ದು ನಿಲ್ಲುವ ಕ್ಷಣದಲ್ಲಿ ನೀನು ನನ್ನ ಕೈ ಹಿಡಿದದ್ದು ನನಗೆ ನೆನಪಿದೆ.

ಇಂಥ ಚಿತ್ರವನ್ನು ಯುದ್ಧವಿರೋಧಿ ಎಂಬ ಗುಮಾನಿಯಿಂದ ತಡೆಹಿಡಿದರು. ಯುದ್ಧ ಮುಗಿದ ಮೇಲೆ, 1989ರಲ್ಲಿ, ಅದು ತೆರೆ ಕಂಡಿತು. ನಿನ್ನ ಲೆಕ್ಕ ಇಲ್ಲಿಗೆ ನಿಂತಿದೆ, ನಾನು ಇನ್ನಷ್ಟು ಹಿಂದಕ್ಕೆ ಹೋಗಿ ನೋಡು ಎನ್ನುತ್ತೇನೆ. ಬೇಝಾಯಿಯ ಅದರ ಹಿಂದಿನ ಎರಡು ಚಿತ್ರಗಳು, ‘ತಾರಾಳ ಲಾವಣಿ’ ಮತ್ತು ‘ಯಜ್ದೆಗರ್ದನ ಮರಣ’, ಇರಾನಿನಲ್ಲಿ ನಿಷೇಧಕ್ಕೆ ಒಳಗಾಗಿದ್ದವು. ಡಬ್ಬದಲ್ಲಿ ಕೂರುವುದೆಂದರೆ ಏನೆಂದು ತಿಳಿದೇ ಆತ ಮೂರನೆಯದಕ್ಕೆ ಕೈಹಾಕಿದ್ದ. ಆತನಿಗೆ ಭಯವಿರಲಿಲ್ಲ ಎಂದು ಹೇಗೆ ಹೇಳಲಿ? ಆದರೆ ಮುಂದೆ ಬಂದೀತೆಂಬ ತಡೆಗೆ ಹೆದರಿ ಆ ಹುಡುಗನಿಗೆ ಮತ್ತೆ ಮತ್ತೆ ಕಾಣುವ ಅವನ ಸತ್ತ ತಾಯಿಯ ನೆರಳನ್ನು ಚಿತ್ರದಿಂದ ತೆಗೆದುಹಾಕಿದ್ದರೆ, 1989ರಲ್ಲಿ ಹೊರಬರುವುದಕ್ಕೆ ಏನು ಉಳಿದಿರುತ್ತಿತ್ತು? ತಡೆಹಿಡಿದವರು ವರ್ಷಗಳನ್ನು ಕಸಿದುಕೊಂಡರು, ನಿಜ, ಅದು ಸಣ್ಣ ನಷ್ಟವಲ್ಲ. ಚಿತ್ರವಂತೂ ಉಳಿಯಿತು.

1999ರಲ್ಲಿ ಇರಾನಿನ ಸಿನಿಮಾ ಪತ್ರಿಕೆಯೊಂದು ವಿಮರ್ಶಕರನ್ನೂ ಚಿತ್ರರಂಗದವರನ್ನೂ ಕೇಳಿದಾಗ ಇದನ್ನೇ ಇರಾನಿನ ಸಾರ್ವಕಾಲಿಕ ಶ್ರೇಷ್ಠ ಚಿತ್ರವೆಂದು ಆರಿಸಿದರು. 2025ರಲ್ಲಿ ಇದರ ಪುನರುಜ್ಜೀವಿತ ಪ್ರತಿಗೆ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರಶಸ್ತಿ ಬಂತು. ಇದನ್ನು ಸಮಾಧಾನಕ್ಕಾಗಿ ಬರೆಯಲಿಲ್ಲ. ಅಷ್ಟು ಹೊತ್ತಿಗೆ ತಸ್ಲೀಮಿ ಸ್ವೀಡನ್ ಸೇರಿದ್ದಳು, ಬೇಝಾಯಿ ಅಮೆರಿಕಕ್ಕೆ ಹೋಗಿದ್ದ. ಮನ್ನಣೆ ಬಂದೇ ಬರುತ್ತದೆ ಎಂದು ನಿನಗೆ ಮಾತು ಕೊಟ್ಟರೆ ಅದು ಸುಳ್ಳಾದೀತು. ಬಂದರೂ ಯಾವ ಊರಿನಲ್ಲಿ, ಯಾವ ವಯಸ್ಸಿನಲ್ಲಿ ಬರುತ್ತದೋ ಬಲ್ಲವರಾರು!

ಮತ್ತೆ ನಿನ್ನ ಆ ಮಾತಿಗೇ ಬರುತ್ತೇನೆ. ಚಿತ್ರದ ಕೊನೆಯಲ್ಲಿ ಆ ಹೆಂಗಸಿನ ಗಂಡ ಒಂದು ಕೈ ಕಳೆದುಕೊಂಡು ಮರಳುವುದನ್ನು ನೋಡುವಾಗಲೆಲ್ಲ ನನಗೆ ನಮ್ಮ ಹಳೆಯ ಬೀದಿಯವರೊಬ್ಬರು ನೆನಪಾಗುತ್ತಾರೆ. 1971ರ ಯುದ್ಧದಿಂದ ಕುಂಟುತ್ತ ಬಂದವರನ್ನು ಜಗಲಿಯಲ್ಲಿ ಕೂರಿಸಿ ನಾವು ಹುಡುಗರು ಬಂದೂಕಿನ ವಿಷಯ, ಟ್ಯಾಂಕಿನ ವಿಷಯ ಕೇಳುತ್ತಿದ್ದೆವು. ಒಳಗಿನಿಂದ ಕಾಫಿ ತಂದಿಟ್ಟು, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ಅವರ ಹೆಂಡತಿಯನ್ನು ಯಾರೂ ಏನೂ ಕೇಳಲಿಲ್ಲ. ದೊಡ್ಡವನಾದ ಮೇಲೆ ಒಮ್ಮೆ ಹೋಗಿ ಕೇಳಬೇಕು, ಬರೆದಿಡಬೇಕು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಆಕೆ ತೀರಿಕೊಂಡ ಸುದ್ದಿ ಬಂದ ದಿನ ನನಗಾದ ಸಂಕಟವನ್ನು ನಿನ್ನ ದೊಡ್ಡಮ್ಮನಿಗೂ ಸರಿಯಾಗಿ ಹೇಳಲಾಗಲಿಲ್ಲ. ನೀನು ಕತ್ತರಿಸಬೇಕೆಂದಿರುವುದು ಅಂಥವರ ಮಾತನ್ನೇ, ಮಗಳೇ.

ನಾನು ಸಿನಿಮಾ ನೋಡಿದವನೇ ಹೊರತು ಮಾಡಿದವನಲ್ಲ, ಸಂಕಲನದ ಕೋಣೆಯ ಕಷ್ಟ ನನಗೆ ತಿಳಿಯದು. ಆ ಭಾಗ ಉದ್ದವಾಯಿತು ಅಥವಾ ಮಂದವಾಯಿತು ಎನ್ನಿಸಿದರೆ ಖಂಡಿತ ತೆಗೆ, ನಾನು ಅಡ್ಡ ಬರುವುದಿಲ್ಲ. ಯಾರೋ ತೆಗೆಸಿಯಾರು ಎಂದು ಮಾತ್ರ ತೆಗೆಯಬೇಡ; ತೆಗೆಸುವವರು ಬಂದು ಕೇಳಲಿ, ಆಗ ನೋಡಿಕೊಳ್ಳೋಣ. ಮಾತನಾಡಿದ ಹೆಂಗಸರಿಗೆ ಮೊದಲು ತೋರಿಸಿ, ಅವರಲ್ಲಿ ಯಾರಿಗಾದರೂ ತಮ್ಮ ಮಾತು ಹೊರಗೆ ಹೋಗುವುದು ಬೇಡವೆನ್ನಿಸಿದರೆ ಆ ಮಾತು ಬೇರೆ, ಅದಕ್ಕೆ ತಲೆಬಾಗು. ಕತ್ತರಿಸದ ಪ್ರತಿಯನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟು ಒಂದನ್ನು ಇಲ್ಲಿಗೆ ಕಳುಹಿಸು, ಗಾಡ್ರೆಜ್ ಬೀರುವಿನಲ್ಲಿ ಜೋಪಾನವಾಗಿ ಇಡುತ್ತೇನೆ. ಅದನ್ನು ಕೊಳ್ಳಲು ಹಣ ಸಾಲದಿದ್ದರೆ ನಿನ್ನಪ್ಪನನ್ನು ಕೇಳಬೇಡ, ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ