ನೀರಿನ ಚೆಂಡಾಟಕ್ಕೆ ಮಕ್ಕಳನ್ನು ಕಳಿಸುವ ಮುಂಚೆ: 7, 8 ಮತ್ತು 9ನೇ ತರಗತಿಯ ಪಾಲಕರಿಗೆ

ನವನಗರ, ಬಾಗಲಕೋಟೆ

ಪ್ರೀತಿಯ ಪಾಲಕರಿಗೆ ನಮಸ್ಕಾರ.

ಹೋದ ಶನಿವಾರದ ಪಾಲಕರ ಸಭೆಯಲ್ಲಿ ವಾಟರ್ ಪೋಲೋ ತಂಡ ಕಟ್ಟುವ ಮಾತು ತೆಗೆದಾಗ, ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಅಕ್ಕೋರ, ಪೋಲೋ ಅಂದ್ರ ಕುದುರಿ ಮ್ಯಾಲಿನ ಆಟ ಅಲ್ಲೇನ್ರಿ? ನೀರಾಗ ಹೆಂಗ ಆಡ್ತಾರ?" ಅಷ್ಟರಲ್ಲಿ ಸಭೆ ಮುಗಿಸುವ ವೇಳೆಯಾಗಿತ್ತು, ಅವರಿಗೆ ನೆಟ್ಟಗೆ ಉತ್ತರ ಕೊಡಲು ಆಗಲಿಲ್ಲ. ಮನೆಗೆ ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಗುವನ್ನು ನೀರಿಗೆ ಕಳಿಸಿ ಎಂದು ಕೇಳುವ ನಾವು, ಆ ನೀರಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳಲೇಬೇಕು.

ಕುದುರೆ ಇಲ್ಲ. ಪೋಲೋ ಎಂಬ ಹೆಸರಿನ ಮೂಲ ಕಾಶ್ಮೀರದ ಉತ್ತರಕ್ಕಿರುವ ಗುಡ್ಡನಾಡು ಬಾಲ್ಟಿಸ್ತಾನದ ಜನರ 'ಪುಲು' ಎಂಬ ಮಾತು. ಅದರ ಅರ್ಥ ಚೆಂಡು ಅಷ್ಟೇ. ಹಾಗಾಗಿ ನಾವು ಇದನ್ನು ನೀರಿನ ಚೆಂಡಾಟ ಎಂದರೆ ತಪ್ಪಾಗದು. ಆಟ ರೂಪ ತಳೆದದ್ದು 19ನೇ ಶತಮಾನದ ಬ್ರಿಟನ್ನಿನಲ್ಲಿ. 1870ರ ದಶಕದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ವಿಲ್ಸನ್ ಅದಕ್ಕೆ ಮೊದಲ ನಿಯಮಗಳನ್ನು ಬರೆದರು.

ಕಬಡ್ಡಿಯ ಹಾಗೆ ಇಲ್ಲೂ ಒಂದೊಂದು ಕಡೆ ಏಳು ಮಂದಿ. ಒಬ್ಬರು ಗೋಲು ಕಾಯುತ್ತಾರೆ, ಉಳಿದ ಆರು ಮಂದಿ ಚೆಂಡಿನ ಹಿಂದೆ. ಗೋಲಿನ ಚೌಕಟ್ಟು 3 ಮೀಟರ್ ಅಗಲ, ನೀರಿನ ಮೇಲೆ 90 ಸೆಂಟಿಮೀಟರ್ ಎತ್ತರ. ತಲಾ 8 ನಿಮಿಷದ ನಾಲ್ಕು ಪಾಳಿ. ಆದರೆ ಚೆಂಡು ಆಟದಲ್ಲಿದ್ದಾಗ ಮಾತ್ರ ಗಡಿಯಾರ ಓಡುವುದರಿಂದ ಪಂದ್ಯ ಮುಗಿಯಲು ಒಂದು ತಾಸು ಹಿಡಿಯುತ್ತದೆ. ಗೋಲ್‌ಕೀಪರ್ ಬಿಟ್ಟು ಬೇರೆ ಯಾರೂ ಎರಡು ಕೈಯಿಂದ ಚೆಂಡು ಹಿಡಿಯುವಂತಿಲ್ಲ. ಎದುರಾಳಿ ಮೈಮೇಲೆ ಬಂದನೆಂದು ಚೆಂಡನ್ನು ನೀರೊಳಗೆ ಅದುಮಿ ಬಚ್ಚಿಡುವಂತಿಲ್ಲ. ಚೆಂಡು ಸಿಕ್ಕ ತಂಡ ಗೊತ್ತುಮಾಡಿದ ಕೆಲವೇ ಸೆಕೆಂಡಿನೊಳಗೆ ಗೋಲಿಗೆ ಎಸೆಯಬೇಕು, ಇಲ್ಲದಿದ್ದರೆ ಅದು ಎದುರಿನವರ ಪಾಲು.

ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಗೋಲ್‌ಕೀಪರ್ ಬಿಟ್ಟು ಬೇರೆ ಯಾರೂ ಕೊಳದ ತಳಕ್ಕೆ ಕಾಲೂರುವಂತಿಲ್ಲ. ದೊಡ್ಡವರ ಪಂದ್ಯಕ್ಕೆ ಕನಿಷ್ಠ 1.8 ಮೀಟರ್ ಆಳ ಬೇಕು ಎನ್ನುವುದು ಅದಕ್ಕೇ. ಆಟ ಮುಗಿಯುವ ತನಕ ನೆಲವೂ ಇಲ್ಲ, ಹಿಡಿದುಕೊಳ್ಳಲು ಕೊಳದ ಅಂಚೂ ಇಲ್ಲ.

ಹಾಗಾದರೆ ಆಡುವವರು ನಿಲ್ಲುವುದು ಯಾವುದರ ಮೇಲೆ? ಕಾಲಿನ ಒಂದು ವಿದ್ಯೆಯ ಮೇಲೆ. ಅದಕ್ಕೆ ತರಬೇತುದಾರರು ಎಗ್‌ಬೀಟರ್ ಎನ್ನುತ್ತಾರೆ. ಕುರ್ಚಿಯಲ್ಲಿ ಕೂತವರಂತೆ ತೊಡೆ ಮುಂದಕ್ಕೆ ಇರುತ್ತದೆ. ಮೊಣಕಾಲಿನ ಕೆಳಗೆ ಎರಡೂ ಕಾಲು ಒಂದಾದ ಮೇಲೊಂದು, ಒಂದು ಬಲಕ್ಕೆ ಒಂದು ಎಡಕ್ಕೆ ಸುತ್ತುತ್ತ, ಮಜ್ಜಿಗೆ ಕಡೆದ ಹಾಗೆ ನೀರನ್ನು ಕಡೆಯುತ್ತಲೇ ಇರುತ್ತವೆ. ಕಲಿತ ಮಗುವಿನ ತಲೆ, ಭುಜ ನೀರಿನ ಮೇಲಿರುತ್ತವೆ, ಎರಡೂ ಕೈ ಬಿಡುವಾಗಿರುತ್ತವೆ. ಈಸುವುದೂ ಬೇರೆ ತರಹ: ಚೆಂಡು ಎಲ್ಲಿದೆ, ಜೊತೆಗಾರರು ಎಲ್ಲಿದ್ದಾರೆ ಎಂದು ನೋಡಲೇಬೇಕಾದ್ದರಿಂದ ತಲೆ ಮೇಲೆತ್ತಿಯೇ ಈಸುತ್ತಾರೆ.

ನಾನು ಈ ಆಟವನ್ನು ಆರಿಸಿಕೊಂಡದ್ದು ಈ ಕಾಲಿನ ವಿದ್ಯೆಗಾಗಿಯೇ. ನಮ್ಮದು ನೀರಿನ ಮಗ್ಗುಲಲ್ಲಿ ಬದುಕುವ ಊರು. ಘಟಪ್ರಭೆ ಇದೆ, ಆಲಮಟ್ಟಿಯ ಹಿನ್ನೀರು ಹಳೇ ಊರಿನ ಓಣಿಗಳ ತನಕ ಬಂದು ನಿಂತಿದೆ, ನವನಗರ ಹುಟ್ಟಿದ್ದೇ ಆ ನೀರಿನಿಂದ. ಬೇಸಿಗೆ ಸೂಟಿ ಬಂತೆಂದರೆ ಹೊಳೆಗೆ, ಕಾಲುವೆಗೆ ಹೋದ ಮಕ್ಕಳು ಮನೆಗೆ ಬರಲಿಲ್ಲ ಎಂಬ ಸುದ್ದಿ ಓದಿ ನಾವೆಲ್ಲ ಎದೆ ಹಿಡಿದುಕೊಳ್ಳುತ್ತೇವೆ. ಮಕ್ಕಳನ್ನು ನೀರಿನಿಂದ ದೂರ ಇಡುವುದು ನಮ್ಮಿಂದ ಆಗುವ ಕೆಲಸವಲ್ಲ. ನೀರಿನಲ್ಲಿ ಗಾಬರಿಯಾಗದೆ, ಉಸಿರು ಕಟ್ಟದೆ, ಇದ್ದಲ್ಲೇ ನಿಲ್ಲುವುದನ್ನು ಕಲಿಸುವುದು ಆಗುತ್ತದೆ.

ನನ್ನ ಮಾತು ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗ ಹಳೇ ಊರಿನಲ್ಲಿ ನಮ್ಮ ಓಣಿಯ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಜಿಗಿದು ಈಸು ಕಲಿತರು. ನಾವು ಹುಡುಗಿಯರು ಪಾವಟಿಗೆಯ ಮೇಲೆ ಕೂತು ಅವರ ಅಂಗಿ ಕಾದೆವು. ಹತ್ತನೇ ವರ್ಷದಲ್ಲಿ ಬಟ್ಟೆ ಒಗೆಯಲು ಹೋದಾಗ ಹೊಳೆಯಲ್ಲಿ ಕಾಲು ಜಾರಿತು. ನೀರು ನನ್ನ ಎದೆಯ ಮಟ್ಟಕ್ಕಿಂತ ಹೆಚ್ಚಿರಲಿಲ್ಲ. ಆದರೂ ಕಾಲು ನೆಲ ಹುಡುಕುವಷ್ಟರಲ್ಲಿ ಎರಡು ಸಲ ಮುಳುಗಿದ್ದೆ. ಪಕ್ಕದಲ್ಲಿ ಒಗೆಯುತ್ತಿದ್ದ ಅಜ್ಜಿ ಕೈಯಲ್ಲಿದ್ದ ಸೀರೆ ಎಸೆದು ಎಳೆದುಕೊಂಡರು. ಇವತ್ತಿಗೂ ನನಗೆ ಈಸು ಬರುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಹೀಗಾಗಬಾರದು.

ಆದ್ದರಿಂದ ತಂಡ ಹುಡುಗರಿಗೂ ಇದೆ, ಹುಡುಗಿಯರಿಗೂ ಇದೆ, ವೇಳೆ ಬೇರೆ ಬೇರೆ. ಹುಡುಗಿಯರ ವೇಳೆಗೆ ನಮ್ಮ ಶಿಕ್ಷಕಿಯರೇ ದಡದಲ್ಲಿರುತ್ತಾರೆ. ಮೊಣಕಾಲಿನವರೆಗೆ ಬರುವ ಈಜುಡುಗೆ ತೊಟ್ಟರೂ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಮುಟ್ಟಿನ ದಿನಗಳಲ್ಲಿ ಬಾರದಿದ್ದರೆ ಯಾರೂ ಕಾರಣ ಕೇಳುವುದಿಲ್ಲ. "ಇದು ಗಂಡುಹುಡುಗರ ಆಟ" ಎನ್ನುವವರಿಗೆ ಒಂದು ವಿಷಯ ತಿಳಿಸಬೇಕು. ಗಂಡಸರ ವಾಟರ್ ಪೋಲೋ 1900ರಲ್ಲೇ ಪ್ಯಾರಿಸ್ ಒಲಿಂಪಿಕ್ಸ್ ಸೇರಿತು. ಹೆಂಗಸರಿಗೆ ಬಾಗಿಲು ತೆರೆದದ್ದು 2000ದ ಸಿಡ್ನಿಯಲ್ಲಿ, ಅದೂ ಆಟಗಾರ್ತಿಯರು ವರ್ಷಗಟ್ಟಲೆ ಪಟ್ಟು ಹಿಡಿದ ಮೇಲೆ. ಆ ಮೊದಲ ಫೈನಲ್ ಅನ್ನು ಆಸ್ಟ್ರೇಲಿಯಾದ ಹೆಣ್ಣುಮಕ್ಕಳು ಕೊನೇ ಗಳಿಗೆಯ ಗೋಲಿನಿಂದ 4-3ರಲ್ಲಿ ಗೆದ್ದರು. ನೂರು ವರ್ಷ ಕಾಯಿಸಿಕೊಂಡವರ ಗೆಲುವು ಅದು.

ಭಾರತಕ್ಕೂ ಈ ಆಟ ಹೊಸದಲ್ಲ. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡ ಆಡಿತ್ತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. ಅದೇ ಕೂಟದಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದ ಸಚಿನ್ ನಾಗ್ ಆ ಎರಡೂ ಒಲಿಂಪಿಕ್ಸ್‌ನ ವಾಟರ್ ಪೋಲೋ ತಂಡದಲ್ಲಿದ್ದವರು. ಆಮೇಲೆ ಏಷ್ಯನ್ ಕ್ರೀಡಾಕೂಟದಲ್ಲೇ 1970ರಲ್ಲಿ ಬೆಳ್ಳಿ, 1982ರಲ್ಲಿ ಕಂಚು ಬಂತು. ಮಕ್ಕಳಿಗೆ ಇದನ್ನು ದಯವಿಟ್ಟು ಹೇಳಿ. ಕ್ರಿಕೆಟ್ ಒಂದೇ ಆಟ ಎಂದುಕೊಂಡು ನಮ್ಮ ಮಕ್ಕಳು ಬೆಳೆಯುತ್ತಿರುವುದು ನನಗೆ ಬೇಸರದ ಸಂಗತಿ.

ಆಟ ಒರಟು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಚೆಂಡು ಹಿಡಿದವರ ಮೈಮೇಲೆ ಬಿದ್ದು ಕಸಿಯಲು ಅವಕಾಶವಿದೆ. ಆದರೆ ಚೆಂಡು ಕೈಯಲ್ಲಿಲ್ಲದವರನ್ನು ಹಿಡಿದರೆ, ಜಗ್ಗಿದರೆ, ಮುಳುಗಿಸಿದರೆ ರೆಫರಿ ಆ ಆಟಗಾರನನ್ನು ಕೆಲವು ಸೆಕೆಂಡು ಹೊರಗೆ ಹಾಕುತ್ತಾರೆ. ಅಂಥ ದೊಡ್ಡ ತಪ್ಪು ಮೂರಾದರೆ ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲ. ತಲೆಗೆ ಕಟ್ಟುವ ಟೊಪ್ಪಿಗೆಗೆ ಕಿವಿಯ ಮೇಲೆ ಗಟ್ಟಿ ಕಾಪು ಇರುವುದು ಚೆಂಡಿನ ಪೆಟ್ಟಿನಿಂದ ಕಿವಿ ಉಳಿಯಲಿ ಎಂದು. ನಮ್ಮಲ್ಲಿ ಮೊದಲ ಮೂರು ತಿಂಗಳು ಪಂದ್ಯವೇ ಇಲ್ಲ. ಈಸು, ಎಗ್‌ಬೀಟರ್, ಒಂದು ಕೈಯಲ್ಲಿ ಚೆಂಡು ಹಿಡಿದು ಎಸೆಯುವುದು, ಇಷ್ಟೇ. ಈಸು ಬಾರದವರು ಎದೆಮಟ್ಟದ ನೀರಿನಲ್ಲಿ ಶುರು ಮಾಡುತ್ತಾರೆ. ಒಂದು ಸಲಕ್ಕೆ ಹನ್ನೆರಡು ಮಕ್ಕಳಿಗಿಂತ ಹೆಚ್ಚು ನೀರಿಗೆ ಇಳಿಸುವುದಿಲ್ಲ. ತರಬೇತುದಾರರಲ್ಲದೆ ಜೀವರಕ್ಷಕರೊಬ್ಬರು ದಡದಲ್ಲಿ ಇಲ್ಲದ ದಿನ ಅಭ್ಯಾಸವೇ ನಡೆಯದು.

ಮನೆಯಲ್ಲಿ ನೀವು ನೋಡಿಕೊಳ್ಳಬೇಕಾದ್ದು ಕೆಲವಿವೆ. ಉಗುರು ಕತ್ತರಿಸಿ ಕಳಿಸಿ, ದೊಡ್ಡ ಪಂದ್ಯಗಳಲ್ಲೂ ರೆಫರಿ ಮೊದಲು ಉಗುರು ನೋಡುತ್ತಾರೆ. ಬಳೆ, ಕಿವಿಯೋಲೆ, ಕಾಲ್ಗೆಜ್ಜೆ ಬೇಡ. ಹುಡುಗರ ಉಡದಾರದ ಬಗ್ಗೆ ಮನೆಯ ಹಿರಿಯರೊಡನೆ ಮಾತಾಡಿ. ನೀರಿನೊಳಗೆ ಇನ್ನೊಬ್ಬರ ಬೆರಳು ಅದರಲ್ಲಿ ಸಿಕ್ಕಿಬಿದ್ದರೆ ಇಬ್ಬರಿಗೂ ಅಪಾಯ, ಅಷ್ಟು ಹೊತ್ತಿನ ಮಟ್ಟಿಗೆ ತೆಗೆದಿಡಲು ಒಪ್ಪುತ್ತಾರೆಂದು ನಂಬಿದ್ದೇನೆ. ರವಿವಾರ ಎಣ್ಣೆ ಹಚ್ಚುವ ರೂಢಿ ಇರುವವರು ಅಭ್ಯಾಸ ಮುಗಿದ ಮೇಲೆ ಹಚ್ಚಿ. ಮೈಗೆ ಎಣ್ಣೆ ಬಳಿದುಕೊಂಡು ನೀರಿಗಿಳಿಯುವುದು ಈ ಆಟದ ನಿಯಮದಲ್ಲೇ ನಿಷಿದ್ಧ, ಹಿಡಿತ ಜಾರುತ್ತದೆ. ಊಟವಾಗಿ ಎರಡು ತಾಸು ಕಳೆದಿರಲಿ. ಮುಗಿದ ಮೇಲೆ ಮಕ್ಕಳಿಗೆ ವಿಪರೀತ ಹಸಿವಾಗುತ್ತದೆ, ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಾಳೆಹಣ್ಣು ಇರಲಿ. ಫಿಟ್ಸ್, ಉಬ್ಬಸ, ಹೃದಯದ ತೊಂದರೆ, ಕಿವಿ ಸೋರುವುದು ಇದ್ದರೆ ಡಾಕ್ಟರ ಚೀಟಿ ಬೇಕೇ ಬೇಕು. ಇದನ್ನು ಮುಚ್ಚಿಟ್ಟು ಮಗುವನ್ನು ಕಳಿಸಬೇಡಿ, ಕೈ ಮುಗಿದು ಕೇಳುತ್ತೇನೆ.

ಇನ್ನೊಂದು ಮಾತು, ಬಹಳ ಮುಖ್ಯವಾದದ್ದು. ಕೊಳದಲ್ಲಿ ಕಲಿತೆನೆಂದು ಯಾವ ಮಗುವೂ ಹಿನ್ನೀರಿಗೆ ಇಳಿಯಬಾರದು. ಕೊಳದ ತಳ ಕಾಣುತ್ತದೆ. ಹಿನ್ನೀರಿನ ಕೆಳಗೆ ಹಳೇ ಮನೆಗಳ ಗೋಡೆ, ಮುಳ್ಳುಕಂಟಿ, ಮೊಣಕಾಲು ನುಂಗುವ ಕೆಸರು ಇದೆ. ಇದನ್ನು ತರಗತಿಯಲ್ಲಿ ನಾನು ಹೇಳುತ್ತೇನೆ, ಮನೆಯಲ್ಲಿ ನೀವೂ ಹೇಳಿ. ದಡದಲ್ಲಿ ಗೆಳೆಯರು ಕರೆದರೂ ಬೇಡವೆನ್ನುವ ಮಗುವಿಗೆ ಮಾತ್ರ ತಂಡದಲ್ಲಿ ಜಾಗ.

ಒಪ್ಪಿಗೆ ಪತ್ರ ಇದರ ಜೊತೆಗಿದೆ. ತಂದೆ, ತಾಯಿ ಇಬ್ಬರೂ ಸಹಿ ಮಾಡಿ ಮುಂದಿನ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕೊಡಿ. ಅದಾದ ಮೇಲೆ ಬರುವ ರವಿವಾರ ಮುಂಜಾನೆ ಏಳಕ್ಕೆ ಕೊಳದ ಹತ್ತಿರ ಎಲ್ಲ ಪಾಲಕರೂ ಬನ್ನಿ. ತರಬೇತುದಾರರು ನೀರಿಗಿಳಿದು ಆಟ ತೋರಿಸುತ್ತಾರೆ. ಕುದುರೆಯ ಪ್ರಶ್ನೆ ಕೇಳಿದ ತಾಯಿ ತಪ್ಪದೆ ಬರಬೇಕೆಂದು ನನ್ನ ಆಸೆ, ಅವರಿಗಾಗಿ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿರುತ್ತೇನೆ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ